ಗಡ್ಡವ್ವನಿಗೆ ಹೇಳಿದ್ದು

೧೪ ಫೆಬ್ರವರಿ ೧೯೯೯, ರವಿವಾರ
ಬಸವಕಲ್ಯಾಣ

ರೂಪಾಲಿ ಹೋಗಿ ಇವತ್ತಿಗೆ ಐವತ್ತೆರಡು ದಿನ. ಈ ಡೈರಿ ಅವಳು ಕಲಿಸುತ್ತಿದ್ದ ಶಾಲೆಯಲ್ಲಿ ಯಾರೋ ಕೊಟ್ಟದ್ದು. ಮೊದಲ ಪುಟದಲ್ಲಿ ತನ್ನ ಹೆಸರು ಬರೆದಿಟ್ಟಿದ್ದಾಳೆ, ಒಳಗೆಲ್ಲ ಖಾಲಿ. ನನಗೆ ಬರೆಯುವ ಚಟವಿಲ್ಲ. ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಇಡೀ ದಿನ ಮೈಕಿನಲ್ಲಿ ಅರಚಿ ಮನೆಗೆ ಬಂದರೆ ಇಲ್ಲಿ ಮಾತಾಡಲು ಯಾರೂ ಇಲ್ಲ, ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದ್ದೇನೆ.

ಯಾರೂ ಇಲ್ಲ ಎನ್ನುವುದು ಸುಳ್ಳು. ಅತ್ತೆ ಇದ್ದಾರೆ, ಮಾಣಿಕಮ್ಮ. ಮಗಳಿಗೆ ಕಾಮಾಲೆ ಜೋರಾದಾಗ ರಾಜೇಶ್ವರದಿಂದ ಎರಡು ಸೀರೆ ಹಿಡಿದುಕೊಂಡು ಬಂದವರು, ಮಗಳನ್ನು ಮಣ್ಣು ಮಾಡಿದ ಮೇಲೂ ಹೋಗಿಲ್ಲ. ಹೋಗಿರಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ನನ್ನ ಮದುವೆಯಾದ ಈ ಹದಿಮೂರು ವರ್ಷದಲ್ಲಿ ನಾನೂ ಅತ್ತೆಯೂ ನೇರವಾಗಿ ಒಂದು ಮಾತೂ ಆಡಿಲ್ಲ. ಅವರ ಮನೆತನದಲ್ಲಿ ಅಳಿಯನ ಎದುರು ಅತ್ತೆ ಕೂರುವುದಿಲ್ಲ, ಮುಖವೆತ್ತಿ ಮಾತಾಡುವುದಿಲ್ಲ. ನಾನು ಒಳಗೆ ಕಾಲಿಟ್ಟರೆ ಸೆರಗು ಹಣೆಯವರೆಗೆ ಎಳೆದುಕೊಂಡು ಬಾಗಿಲ ಹಿಂದೆ ಸರಿಯುತ್ತಾರೆ. ನಡುವೆ ರೂಪಾಲಿ ಇದ್ದಳು, ನಡೆಯುತ್ತಿತ್ತು. ಈಗ ಅವರು ಪಡಸಾಲೆಯ ಕುಂಡದಲ್ಲಿರುವ ಹೂವಿನ ಗಡ್ಡೆಯ ಜೊತೆ ಮಾತಾಡುತ್ತಾರೆ.

ಸಂಜೆ ನಾನು ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ಕೇಳಿಸಿತು. “ಏ ಗಡ್ಡವ್ವ, ಅವರಿಗಿ ಹೇಳು, ರೊಟ್ಟಿ ಆರಾಕತ್ತಾವ. ಕೈಕಾಲು ತೊಳ್ಕೊಂಡು ಬರ್ಲಿ.”

ನನಗೆ ತಲೆ ಕೆಟ್ಟುಹೋಯಿತು. ಇದೇನು ಮನೆಯೋ, ನಾಟಕದ ಕಂಪನಿಯೋ!

೯ ಮಾರ್ಚ್, ಮಂಗಳವಾರ

ಗಡ್ಡೆಯ ಎಲೆಗಳು ತುದಿಯಿಂದ ಹಳದಿಯಾಗುತ್ತಿವೆ. ಇದರ ಕಥೆ ಬರೆದಿಡಬೇಕು, ಇಲ್ಲದಿದ್ದರೆ ಮರೆತೇನು.

ರೂಪಾಲಿಯ ಶಾಲೆಯಲ್ಲೇ ಕಲಿಸುವ ಸಮ್ರೀನ ಟೀಚರ್ ಅವರ ಅಣ್ಣ ಮುಜಾಫರ್ ದಕ್ಷಿಣ ಆಫ್ರಿಕಾದಲ್ಲಿ ಗಣಿತದ ಮಾಸ್ತರ. ಮೂರು ವರ್ಷದ ಹಿಂದೆ ರಜೆಗೆ ಬಂದಾಗ ಅರಿವೆಯಲ್ಲಿ ಸುತ್ತಿ ತಂದುಕೊಟ್ಟದ್ದು ಇದು. ಅಲ್ಲಿಯೂ ಎಲ್ಲೆಂದರಲ್ಲಿ ಸಿಗುವುದಿಲ್ಲವಂತೆ. ಬೀಜದಿಂದ ಬೆಳೆಸುವ ಒಬ್ಬ ಮುದುಕ ಇವನ ಮೇಲಿನ ಪ್ರೀತಿಗೆ ಒಂದು ಕೊಟ್ಟನಂತೆ. ಹೆಸರು ಬ್ರನ್ಸ್‌ವಿಜಿಯಾ. ನನ್ನ ನಾಲಿಗೆ ಹೊರಳುವುದಿಲ್ಲ. ತೆಂಗಿನಕಾಯಿಗಿಂತ ದೊಡ್ಡದು, ಅರ್ಧ ಮಣ್ಣಿನೊಳಗೆ ಅರ್ಧ ಹೊರಗೆ, ಮೈತುಂಬ ಕಂದು ಸಿಪ್ಪೆ. ಇದರ ರೀತಿಯೇ ತಲೆಕೆಳಗು. ಚಳಿಗಾಲದಲ್ಲಿ ಎಲೆ ಬಿಡುತ್ತದೆ, ಬೇಸಿಗೆಗೆ ನಿದ್ದೆ ಹೋಗುತ್ತದೆ. ಎಲೆ ಒಣಗಿದ ಮೇಲೆ ಭಾದ್ರಪದದವರೆಗೆ ಇದಕ್ಕೆ ನೀರು ಸೋಕಬಾರದು, ಹೊರಗೆ ಮಳೆ ಹುಯ್ದರೂ. ಆಮೇಲೆ ಬೋಳು ಗಡ್ಡೆಯಿಂದ ಮೊಳದುದ್ದ ದಂಟು ಎದ್ದು, ಅದರ ತಲೆಯ ಮೇಲೆ ಇಪ್ಪತ್ತು ಮೂವತ್ತು ಕೆಂಪು ಹೂ, ಬಿಚ್ಚಿದ ಛತ್ರಿಯ ಕಡ್ಡಿಗಳ ಹಾಗೆ. ಜಾಗ ಬದಲಾದರೆ ಮುನಿಸಿಕೊಂಡು ವರ್ಷಗಟ್ಟಲೆ ಹೂ ಬಿಡುವುದಿಲ್ಲ. ಬಂದ ಮೊದಲ ವರ್ಷ ಇದಕ್ಕೆ ನಮ್ಮ ತಿಂಗಳುಗಳೇ ತಿಳಿಯದೆ ಮೇ ತಿಂಗಳ ಬಿಸಿಲಿಗೆ ಎಲೆ ಬಿಟ್ಟು ಸುಟ್ಟುಕೊಂಡಿತ್ತು.

ರೂಪಾಲಿ ಮೂರು ಭಾದ್ರಪದ ಕಾದಳು. ಆಸ್ಪತ್ರೆಯಲ್ಲಿ ಕಣ್ಣೆಲ್ಲ ಹಳದಿಯಾಗಿ ಮಲಗಿದ್ದಾಗಲೂ, “ಈ ಸಲ ಎಂಟು ಎಲಿ ಬಂದಾವ್ರಿ, ಬರೋ ವರ್ಷ ಹೂ ಖರೆ. ನೀರಿನ ಬಗ್ಗಿ ಜರಾ ಹುಷಾರ್” ಎಂದಳು. ನನ್ನ ಬಗ್ಗೆ ಏನೂ ಹೇಳಲಿಲ್ಲ. ಅವಳದು ಅಂತ ಉಸಿರಾಡುವುದು ಈ ಮನೆಯಲ್ಲಿ ಇದೊಂದೇ. ಈ ವರ್ಷ ಅವಳ ಪರವಾಗಿ ನಾನು ಆ ಹೂವನ್ನು ನೋಡಲೇಬೇಕು.

ಈ ನೀರಿನ ವಿಷಯ ಅತ್ತೆಗೆ ತಿಳಿಸಬೇಕಿತ್ತು. ಹೇಗೆ? ಅವರ ದಾರಿಯನ್ನೇ ಹಿಡಿದೆ. ಅವರು ಅಡುಗೆಮನೆಯಲ್ಲಿದ್ದಾಗ ಕುಂಡದ ಮುಂದೆ ನಿಂತು ಜೋರಾಗಿ, “ಗಡ್ಡವ್ವ, ಇವತ್ತಿನಿಂದ ನಿನಗ ನೀರ್ ಬಂದ್!” ಎಂದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಸುರುವಾಯಿತು. ತಿಳಿಯಿತು ಅಂದುಕೊಂಡೆ.

೨೧ ಏಪ್ರಿಲ್, ಬುಧವಾರ

ಬಿಸಿಲಿಗೆ ಬಸ್‌ಸ್ಟ್ಯಾಂಡಿನ ತಗಡು ಸುಡುತ್ತಿದೆ. ಬೀದರ್ ಗಾಡಿ ಬರುವುದಿಲ್ಲ ಎಂದು ಗೊತ್ತಿದ್ದೂ “ಇನ್ನೈದು ನಿಮಿಷ” ಎಂದು ಮೈಕಿನಲ್ಲಿ ಕೂಗಿದೆ. ಮಂದಿ ಬೈದರು. ಅದು ರೂಢಿಯಾಗಿದೆ.

ನಿನ್ನೆ ಸಂಜೆಯ ಜಗಳ ಬರೆಯಬೇಕು.

“ಗಡ್ಡವ್ವ, ಕೇಳು ಅವರಿಗಿ, ಡಬ್ಬ್ಯಾಗಿನ ಪಲ್ಯ ಯಾಕ ಹಂಗೇ ವಾಪಸ್ ಬಂದದ?”

ನಾನೂ ಗಡ್ಡೆಗೇ ಹೇಳಿದೆ. “ಪುಂಡಿಪಲ್ಯ ಮೂರು ದಿನ ಆತು ಅಂತ ಹೇಳು ಗಡ್ಡವ್ವ.”

“ರೂಪಾ ಮಾಡಿದ್ರ ವಾರಗಟ್ಟಲೆ ಉಣ್ತಿದ್ರು ಅಂತ ನೀನೂ ಹೇಳು.”

ಅವಳು ಹೋದ ಮೇಲೆ ಅವಳ ಹೆಸರು ಈ ಮನೆಯಲ್ಲಿ ಗಟ್ಟಿಯಾಗಿ ಬಂದದ್ದು ಅದೇ ಮೊದಲು. ಇವತ್ತು ಡಬ್ಬಿಯಲ್ಲಿ ಮಸಾಲೆ ತುಂಬಿದ ಬದನೆಕಾಯಿ ಇತ್ತು. ಒಂದು ಚೂರೂ ಉಳಿಸಲಿಲ್ಲ.

೯ ಜೂನ್, ಬುಧವಾರ

ಮಳೆ ಹಿಡಿದಿದೆ. ಕುಂಡವನ್ನು ಪಡಸಾಲೆಯ ಒಳಮೂಲೆಗೆ, ಎತ್ತರದ ಕಟ್ಟೆಯ ಮೇಲೆ ಸರಿಸಿದೆ. ಅಂಗಳದ ಕಣಗಿಲೆ, ದಾಸವಾಳ ಎಲ್ಲ ನೆನೆದು ಕುಣಿಯುತ್ತಿವೆ. ಇದೊಂದು ಒಣಗಿದ ಮುಖ ಹಾಕಿಕೊಂಡು ಕೂತಿದೆ.

ಅತ್ತೆ ಗೊಣಗುತ್ತಿದ್ದರು. “ನಿನ್ನ ಬುಡದಿಂದ ಉಸುಕು ಉದರ್ತದ ಗಡ್ಡವ್ವ. ದಿನಾ ಎಷ್ಟು ಸಲ ಬಗ್ಗಿ ಬಳೀಲಿ? ನನ್ನ ಸೊಂಟದಾಗ ಏನದ ಈಗ?”

ಅವರು ಜಳಕಕ್ಕೆ ಹೋದಾಗ ರೂಪಾಲಿಯ ನೀಲಿ ಬೋಗುಣಿಯನ್ನು ಕುಂಡದ ಕೆಳಗೆ ಇಟ್ಟೆ. ಇನ್ನು ಒಂದು ಕಾಳು ಉಸುಕೂ ನೆಲಕ್ಕೆ ಬೀಳುವುದಿಲ್ಲ. ನಾನು ಇಟ್ಟೆ ಎಂದು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿಸಿತು. “ಅಯ್ಯ, ನಿನಗ ಬೋಗುಣಿ ಯಾರು ಕೊಟ್ರು ಗಡ್ಡವ್ವ? ಅವರಿಗೂ ಬುದ್ಧಿ ಅದ ಬಿಡು.”

ಬಸ್ಸಿನಲ್ಲಿ ಅದು ನೆನಪಾಗಿ ನಗು ಬಂತು. ಪಕ್ಕದವನು ನನ್ನ ಮುಖ ನೋಡಿದ.

೨೦ ಜೂನ್, ರವಿವಾರ

ಬಸವಣಪ್ಪ ಬಂದಿದ್ದ, ರೂಪಾಲಿಯ ಅಣ್ಣ. ತಾಯಿಯನ್ನು ಕರೆದೊಯ್ಯಲು ಬಂದವನು. ಒಳ್ಳೆಯ ಮನುಷ್ಯ, ಅವನ ಹೆಂಡತಿಯೂ ಒಳ್ಳೆಯವಳು. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. “ಅವ್ವ, ಆರು ತಿಂಗಳಾತು. ಮಗನ ಮನಿ ಇರಬೇಕಾದ್ರ ಅಳಿಯನ ಮನ್ಯಾಗ ಯಾಕ ಕುಂತಾಳ ಅಂತ ಮಂದಿ ಕೇಳಾಕತ್ತಾರ. ರೂಪಾನೇ ಇಲ್ಲಂದ ಮ್ಯಾಲ ಇಲ್ಲಿ ನಮ್ಮದೇನದ?”

ಅತ್ತೆ ಅವನಿಗೂ ನೇರ ಉತ್ತರ ಕೊಡಲಿಲ್ಲ. “ಗಡ್ಡವ್ವ, ನನ್ನ ಮಗಗ ಹೇಳು. ನನ್ನ ಕೂಸು ಕಾದ ಹೂವು ಅದ. ಅದು ಬಿಡ್ಲಿ, ಒಮ್ಮೆ ಕಣ್ತುಂಬ ನೋಡ್ತೀನಿ. ಮರುದಿನ ಮೊದಲನೇ ಬಸ್ಸಿಗಿ ಬರ್ತೀನಿ.”

ಸದ್ಯ, ಒಂದು ಗಡುವು ಸಿಕ್ಕಿತು. ಭಾದ್ರಪದ ಎಂದರೆ ಸೆಪ್ಟೆಂಬರ್. ಹೂ ಬಿಡುತ್ತದೆ, ಅವರು ಹೋಗುತ್ತಾರೆ, ಮನೆ ನನ್ನ ಪಾಲಿಗೆ ಬರುತ್ತದೆ. ಇನ್ನು ಮೂರು ತಿಂಗಳು ಹಲ್ಲು ಕಚ್ಚಿ ಕೂತರಾಯಿತು.

೧೯ ಜುಲೈ, ಸೋಮವಾರ

ನಾಲ್ಕು ದಿನ ಜ್ವರ. ಇವತ್ತು ಎದ್ದು ಕೂತಿದ್ದೇನೆ.

ನಾಲ್ಕೂ ದಿನ ಅತ್ತೆ ನನ್ನ ಕೋಣೆಯ ಹೊಸ್ತಿಲ ಆಚೆ ಗೋಡೆಗೆ ಆನಿಕೊಂಡು ಕೂತಿದ್ದರು. ಗಂಟೆಗೊಮ್ಮೆ, “ಗಡ್ಡವ್ವ, ಗುಳಿಗಿ ತಗೊಂಡ್ರೇನು ಕೇಳು.” “ಗಂಜಿ ಒಂದು ಗುಟುಕಾದ್ರೂ ಇಳೀತೇನು ಕೇಳು.” ಹೊಸ್ತಿಲಿಂದ ಒಳಗೆ ಗಂಜಿಯ ತಂಬಿಗೆ ಸರಿಸುವ ಕೈ ಮಾತ್ರ ಕಾಣುತ್ತಿತ್ತು. ಬಳೆಯಿಲ್ಲದ ಕೈ. ಒಂದು ಸಲ ಜ್ವರದ ಮಂಪರಿನಲ್ಲಿ, “ಗಡ್ಡವ್ವ, ಅವರಿಗೂ ಸ್ವಲ್ಪ ಮಲಗಾಕ ಹೇಳು” ಎಂದೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸಪ್ಪಳ ಬಂತು.

ಡ್ರೈವರ್ ಮಚ್ಚೇಂದ್ರ ನೋಡಲು ಬಂದಿದ್ದವನು ಹೋಗುವಾಗ ಅಂದ. “ಸತ್ತಾಕಿ ಅವ್ವನ್ನ ಮನ್ಯಾಗ ಇಟ್ಕೊಂಡವರನ್ನ ನಿನ್ನೊಬ್ಬನ್ನೇ ನೋಡ್ದೆ ಮಾರಾಯ. ಮನ್ನಾಏಖೇಳ್ಳಿ ಊರಾಗ ಒಂದು ಹುಡುಗಿ ಅದ, ನೋಡ್ತಿಯೇನು?” ಹೋಗಿ ನಿನ್ನ ಗಾಡಿ ನೋಡ್ಕೋ ಎಂದೆ. ಬೇಕಾರ ಮನುಷ್ಯ.

೧೬ ಆಗಸ್ಟ್, ಸೋಮವಾರ

ಪಂಚಮಿ. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಹುಮನಾಬಾದಿನಲ್ಲಿ ಒಂದು ಗಾಡಿಗೂ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಹೊಸ ಸೀರೆ, ಉಂಡೆಯ ಡಬ್ಬಿ, ಕಂಕುಳಲ್ಲಿ ಮಕ್ಕಳು. ರಾಜೇಶ್ವರದ ಗಾಡಿ ಕೂಗುವಾಗ ನನ್ನ ದನಿ ಒಡೆಯಿತು. ಮೈಕ್ ಕೆಟ್ಟಿದೆ ಎಂದು ಹೇಳಿದೆ.

ಮನೆಯಲ್ಲಿ ಅತ್ತೆ ಶೇಂಗಾ ಉಂಡೆ, ಎಳ್ಳಿನ ಉಂಡೆ, ರವೆ ಉಂಡೆ ಕಟ್ಟಿಟ್ಟಿದ್ದರು. ಇಬ್ಬರಿಗೆ ಅಷ್ಟೊಂದು ಯಾಕೆ ಎಂದು ಕೇಳಲಿಲ್ಲ. ಎಳ್ಳಿನದು ರೂಪಾಲಿಗೆ ಬೇಕಾಗುತ್ತಿತ್ತು. ನಾನು ನಾಲ್ಕು ತಿಂದೆ.

ಮುಜಾಫರ್‌ನ ಪತ್ರ ಬಂದಿದೆ, ಮುಂದಿನ ತಿಂಗಳು ರಜೆಗೆ ಬರುತ್ತಾನೆ. ಸಿಪ್ಪೆಯ ನಡುವೆ ಕೆಂಪು ಮೂತಿ ಕಾಣುವ ಹೊತ್ತು ಹತ್ತಿರವಾಯಿತು, ದಿನಾ ನೋಡುತ್ತಿರಿ ಎಂದು ಬರೆದಿದ್ದಾನೆ. ಇವತ್ತು ನೋಡಲು ಆಗಲಿಲ್ಲ. ನಾಳೆ ನೋಡಿದರಾಯಿತು.

೨೩ ಆಗಸ್ಟ್, ಸೋಮವಾರ

ಗಡ್ಡೆ ನೋಡಲಿಲ್ಲ. ಚುನಾವಣೆಗೆಂದು ಗಾಡಿಗಳನ್ನು ಎಳೆದುಕೊಳ್ಳುತ್ತಿದ್ದಾರೆ, ಪುರುಸೊತ್ತಿಲ್ಲ. ಅವಸರವ್ಯಾಕೆ, ಹೂ ಬಂದರೆ ತಾನೇ ಕಾಣುತ್ತದೆ.

“ಗಡ್ಡವ್ವ, ಹೋಳಿಗಿ ಶೇಂಗಾದು ಮಾಡ್ಲೋ ಕಡ್ಲಿಬ್ಯಾಳಿದು ಮಾಡ್ಲೋ ಕೇಳು.” ಎರಡೂ ಎಂದೆ. ಒಳಗೆ ನಕ್ಕಂತೆ ಕೇಳಿಸಿತು.

೩೦ ಆಗಸ್ಟ್, ಸೋಮವಾರ



ಬೆಳಗಿನ ಪಾಳಿ ಎಂದು ಐದೂವರೆಗೇ ಎದ್ದೆ. ಅತ್ತೆ ಲಿಂಗಪೂಜೆ ಮುಗಿಸಿ ಬಟ್ಟಲು ಹಿಡಿದುಕೊಂಡು ಪಡಸಾಲೆಗೆ ಬಂದರು. ನಾನು ಕತ್ತಲಲ್ಲಿ ನಿಂತದ್ದು ಅವರಿಗೆ ಕಾಣಲಿಲ್ಲ. ಲಿಂಗಕ್ಕೆ ಎರೆದ ನೀರನ್ನು ನಿಧಾನವಾಗಿ ಗಡ್ಡೆಯ ಸುತ್ತ ಸುರಿದರು, ಬೆರಳಿಗೆ ಅಂಟಿದ ಹನಿಯನ್ನೂ ಅದರ ಮೇಲೆ ಸಿಡಿಸಿದರು, ಒಂದು ಪತ್ರಿ ಇಟ್ಟು ಕೈ ಮುಗಿದರು. ದಿನಾ ಮಾಡುವವರ ಹಾಗೆ.

ಓಡಿಹೋಗಿ ಗಡ್ಡೆಯನ್ನು ಒತ್ತಿದೆ. ಹೆಬ್ಬೆರಳು ಒಳಗೆ ಹೋಯಿತು. ನಾತ ಬಂತು.

ನಾನು ಏನು ಕೂಗಿದೆನೋ ಅದನ್ನು ಇಲ್ಲಿ ಬರೆಯಬೇಕು, ಬರೆಯದಿದ್ದರೆ ನಾಳೆ ಹಾಗೆ ಅಂದೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೇನು. “ಏನ್ ಮಾಡಿದ್ರಿ ನೀವು? ನೀರ್ ಬಂದ್ ಅಂತ ಹೇಳಿದ್ನಲ್ಲ! ಅಕಿದಂತ ಇದೊಂದು ಉಳದಿತ್ತು, ಇದನ್ನೂ ಕೊಳಸಿದ್ರಿ. ಮಗಳೇ ಇಲ್ಲಂದ ಮ್ಯಾಲ ನಿಮಗ ಈ ಮನ್ಯಾಗ ಏನ್ ಕೆಲಸ?”

ಹದಿಮೂರು ವರ್ಷದಲ್ಲಿ ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಅವರ ಸೆರಗು ಜಾರಿತ್ತು, ಎಳೆದುಕೊಳ್ಳಲಿಲ್ಲ. ಮುಖ ಪೂರ್ತಿ ನೋಡಿದ್ದು ಇವತ್ತೇ. ರೂಪಾಲಿಯ ಗದ್ದ ಇವರದು. ಖಾಲಿ ಬಟ್ಟಲು ಹಿಡಿದುಕೊಂಡು ಗಡ್ಡೆಗೆ ಹೇಳತೊಡಗಿದರು. “ಪೂಜಾದ ನೀರು ತುಳಿಯೋ ಕಡಿ ಚೆಲ್ಲಬಾರ್ದು ಗಡ್ಡವ್ವ. ಅವರು ಸಿಟ್ಟಿಗಿ ನೀರ್ ಬಂದ್ ಮಾಡ್ಯಾರ ಅಂದ್ಕೊಂಡೆ. ಇಡೀ ಊರಿಗಿ ಮಳಿ ಬಂದದ, ನಿನಗೊಂದು ಇಲ್ಲಂತ...” ಅಲ್ಲಿಗೇ ನಿಲ್ಲಿಸಿ ಒಳಗೆ ಹೋದರು.

೩೧ ಆಗಸ್ಟ್, ಮಂಗಳವಾರ

ಮೊದಲನೇ ಬಸ್ಸಿಗೆ ಹೋಗಿಬಿಟ್ಟಿದ್ದಾರೆ. ಬುಟ್ಟಿಯಲ್ಲಿ ಹದಿನಾರು ರೊಟ್ಟಿ ಬಡಿದಿಟ್ಟಿದ್ದಾರೆ.

೪ ಸೆಪ್ಟೆಂಬರ್, ಶನಿವಾರ

ಕುಂಡದ ಹತ್ತಿರ ಹೋಗಿಲ್ಲ. ಹೋಗುವಾಗ ಬರುವಾಗ ಬಸ್ಸು ರಾಜೇಶ್ವರದಲ್ಲಿ ಎರಡು ನಿಮಿಷ ನಿಲ್ಲುತ್ತದೆ. ನಾನು ಆ ಎರಡು ನಿಮಿಷ ಪೇಪರ್ ಓದುತ್ತೇನೆ.

ರೊಟ್ಟಿ ಮುಗಿದಿವೆ. ಹೋಟೆಲಿನ ಊಟ ಸೇರುತ್ತಿಲ್ಲ.

೧೨ ಸೆಪ್ಟೆಂಬರ್, ರವಿವಾರ

ಮುಜಾಫರ್ ಬಂದ. ಸಮ್ರೀನ ಟೀಚರ್ ಹೇಳಿ ಕಳಿಸಿದ್ದರಂತೆ. ಸಲಾಮು ಹೇಳಿ ರೂಪಾಲಿಯ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತು, ನಂತರ ಪೂಜೆಯ ಬಟ್ಟಲು ನೀರಿನ ಕಥೆ ನನ್ನ ಬಾಯಿಂದ ಕೇಳಿ, ತೋಳು ಮಡಚಿ ಕುಂಡ ಎತ್ತಿದ. ಕೆಳಗೆ ಬೋಗುಣಿ. ಬೋಗುಣಿಯಲ್ಲಿ ಅರ್ಧದ ಮೇಲೆ ಹಸಿರುಗಟ್ಟಿದ, ನಾರುವ ನೀರು.

“ಧನರಾಜ್ ಭಾಯಿ, ಇದನ್ನ ಯಾರು ಇಟ್ರು?”

“ನಾ. ಉಸುಕು ಉದರ್ತಿತ್ತು. ಅತ್ತಿಗಿ ಬಗ್ಗಾಕ ಸೊಂಟ...”

“ಬಟ್ಟಲ ನೀರಿಗಿ ಇಷ್ಟು ದೊಡ್ಡ ಗಡ್ಡಿ ಸಾಯಲ್ರಿ. ನಮ್ಮ ಕಡಿ ಹವಾಕ್ಕ ಅರ್ಧ ಆರತಿತ್ತು, ಅರ್ಧ ಕುಂಡದ ತೂತಿನಿಂದ ಇಳೀತಿತ್ತು. ಇಳಿಯಾಕ ನೀವು ಜಾಗಾನೇ ಬಿಟ್ಟಿಲ್ಲ.”

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅವರು ಗಡ್ಡೆಗೆ ಬಾಯಾರಿದೆ ಎಂದು ನೀರೆರೆದರು. ನಾನು ಅವರ ಸೊಂಟ ನೋಯುತ್ತದೆ ಎಂದು ಬೋಗುಣಿ ಇಟ್ಟೆ. ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟು ಒಂದು ಮಾತು ನೇರ ಆಡಿದ್ದರೆ ಸಾಕಿತ್ತು. ಕೂಗಿದ್ದೇನೋ ನೇರವಾಗಿಯೇ ಕೂಗಿದೆ.

ಮುಜಾಫರ್ ಚಾಕು ಕಾಯಿಸಿ ಗಡ್ಡೆಯನ್ನು ಸೀಳಿದ. ನಡುಭಾಗ ಪೂರ್ತಿ ಕೊಳೆತು ಕೆಸರಾಗಿತ್ತು. ಅದರಲ್ಲಿ ಬೆರಳುದ್ದದ ಕಂದು ಮುದ್ದೆಯೊಂದನ್ನು ಚಾಕುವಿನ ತುದಿಯಿಂದ ಸರಿಸಿದ. ಮೊಗ್ಗೇ ಎಂದು ಕೇಳಿದೆ. ಹೌದು ಎಂದು ತಲೆಯಾಡಿಸಿದ. ಈ ವರ್ಷವೇ ಬಿಡುತ್ತಿತ್ತು. ಅವಳು ಹೇಳಿದ್ದು ಖರೆಯಿತ್ತು.

ಅಂಚಿನಲ್ಲಿ ಬೇರಿನ ಬುಡ ಸಮೇತ ಮೂರು ಹೋಳು ಮಾತ್ರ ಬೆಳ್ಳಗೆ ಗಟ್ಟಿ ಉಳಿದಿದ್ದವು. ಕೊಯ್ದ ಕಡೆ ಹಚ್ಚಲು ಒಣ ಬೂದಿ ಬೇಕು ಎಂದ. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ ತರಲಿ? ಗೂಡಿನಲ್ಲಿ ಅತ್ತೆ ಮರೆತುಹೋದ ವಿಭೂತಿ ಗಟ್ಟಿ ಇತ್ತು, ತಂದುಕೊಟ್ಟೆ. ಅವನು ಕೈ ಹಿಂದೆಗೆದ. “ಇದು ಪೂಜಾದ್ದು. ನಾ ಮುಟ್ಲೇನ್ರಿ?” ಮುಟ್ಟು, ಅರೆದು ಹಚ್ಚು ಎಂದೆ. ಇಬ್ಬರೂ ಕೂತು ಅರೆದೆವು.

ಬದುಕಿದರೆ ಇವುಗಳ ಮಗ್ಗುಲಲ್ಲಿ ಸಣ್ಣ ಗಡ್ಡೆ ಮೂಡುತ್ತವೆಯಂತೆ. ಅವು ಬೆಳೆದು ಹೂ ಬಿಡಲು ಕಮ್ಮಿಯೆಂದರೂ ಹನ್ನೆರಡು ವರ್ಷ.

೧೯ ಸೆಪ್ಟೆಂಬರ್, ರವಿವಾರ

ಇವತ್ತು ರಾಜೇಶ್ವರದಲ್ಲಿ ಇಳಿದೆ.

ಬಸವಣಪ್ಪ ಚಹಾ ಕೊಟ್ಟ. ಮಳೆ, ಉದ್ದು, ಚುನಾವಣೆ ಎಲ್ಲ ಮಾತಾಡಿದೆವು. ಬಾಗಿಲ ಹಿಂದೆ ಅತ್ತೆಯ ಸೀರೆಯ ಅಂಚು ಕಾಣುತ್ತಿತ್ತು. ಇಲ್ಲಿ ಗಡ್ಡೆಯಿಲ್ಲ, ಯಾರಿಗೆ ಹೇಳಿ ಯಾರಿಗೆ ಮುಟ್ಟಿಸಲಿ? ಲೋಟ ಕೆಳಗಿಟ್ಟು ಬಾಗಿಲ ಕಡೆ ತಿರುಗಿದೆ.

“ಅತ್ತಿ, ನಾ ನಿಮಗ ಹೇಳಾಕತ್ತೇನಿ. ಬೋಗುಣಿ ಇಟ್ಟಾವ ನಾನು. ಅದರಾಗ ನೀರು ನಿಂತು ಕೊಳತದ. ನಿಮ್ಮ ನೀರಿಂದಲ್ಲ. ಅವತ್ತ ನಾ ಅಂದ ಮಾತು ಅನ್ನಬಾರದಿತ್ತು. ತಪ್ಪಾತು.”

ಆಮೇಲೆ ಅವರು ಹೊರಗೆ ಬಂದು ನನ್ನೆದುರು ನೆಲದ ಮೇಲೆ ಕೂತರು. ಬಸವಣಪ್ಪ ದಂಗಾಗಿ ನೋಡಿದ.

“ಬೋಗುಣಿದಲ್ರಿ, ತಪ್ಪು ನಂದು” ಎಂದರು. ನನಗೇ ಹೇಳಿದರು, ನನ್ನ ಮುಖ ನೋಡಿ. “ಈ ವರ್ಷ ಹೂ ಬಿಡಬ್ಯಾಡ ಅಂತ ದಿನಾ ಲಿಂಗಕ್ಕ ಬೇಡ್ಕೊಂಡೀನಿ. ಬಿಟ್ರ ನಾ ಹೋಗಬೇಕಲ್ಲ. ಅಕಿ ಪಾತ್ರಿ, ಅಕಿ ಒಲಿ, ನೀವು ಸಂಜಿಗಿ ಬರೋದು, ಎಲ್ಲಾ ಬಿಟ್ಟು ಬರಬೇಕಲ್ಲ. ನೀರೂ ನಾನೇ ಕುಡಿಸ್ದೆ, ಬ್ಯಾಡಂತನೂ ನಾನೇ ಅಂದೆ. ದೇವರು ಕೇಳಿಬಿಟ್ಟ.” ಕಣ್ಣೊರೆಸಿಕೊಂಡರು. “ಖರೆ ಹೇಳ್ರಿ, ಒಳಗ ಮೊಗ್ಗಿ ಇತ್ತೇನ್ರಿ?”

“ಇರಲಿಲ್ಲ” ಎಂದೆ. “ಮುಜಾಫರ್ ಕೊಯ್ದು ನೋಡ್ಯಾನ. ಈ ವರ್ಷ ಅದು ಹ್ಯಾಂಗೂ ಬಿಡ್ತಿರಲಿಲ್ಲ.”

ಮೈಕಿನಲ್ಲಿ ಎಷ್ಟೋ ಸುಳ್ಳು ಹೇಳಿದ್ದೇನೆ, ಇಷ್ಟು ಗಟ್ಟಿಯಾಗಿ ಯಾವುದನ್ನೂ ಹೇಳಿರಲಿಲ್ಲ. ಅವರ ಉಸಿರು ಇಳಿದದ್ದು ಕಂಡಿತು.

“ಮೂರು ಹೋಳು ಉಳದಾವ ಅತ್ತಿ. ಅವು ಹೂ ಬಿಡಾಕ ಹನ್ನೆರಡು ವರ್ಷ ಬೇಕಂತ. ಹೂ ನೋಡಿದ ಮ್ಯಾಲ ಹೋಗ್ತೀನಿ ಅಂತ ಇವನ ಮುಂದ ನೀವೇ ಹೇಳೀರಿ. ನಡೀರಿ ಈಗ.”

ಬಸವಣಪ್ಪ ನನ್ನನ್ನೂ ತಾಯಿಯನ್ನೂ ನೋಡಿದ. ಅತ್ತೆ ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳದ ಸಪ್ಪಳವಾಯಿತು. ಕೈಚೀಲ ಹಿಡಿದು ಬಂದು ಹೊಸ್ತಿಲಲ್ಲಿ ನಿಂತು ನನ್ನನ್ನೇ ಕೇಳಿದರು.

“ಕಲ್ಯಾಣದ ಬಸ್ ಎಷ್ಟಕ್ಕ ಅದರಿ?”

ದಿನಾ ನೂರು ಮಂದಿಗೆ ಹೇಳುವ ಮಾತು. ಹೇಳುವುದನ್ನು ಬಿಟ್ಟು ಅವರ ಕೈಚೀಲ ತೆಗೆದುಕೊಂಡೆ. ಬಸವಣಪ್ಪನೇ ಹೇಳಿದ, ಐದೂ ಹತ್ತಕ್ಕ ಅಂತ.